ಬಲಗಡೆಯ ಜೇಬು

ದೊಡ್ಡದೊಂದು ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಬಿಡಿಸಿ, ತೋಳು ಏರಿಸಿ ಕೊನೆಗೆ ಮನೆಯಲ್ಲಿ ಕೂತ ಆಕೆಯನ್ನು ಜತೆಯವರು ಕತ್ತರಿ ಎಂದೇ ಕರೆಯುತ್ತಿದ್ದರು. ಅದು ಕೆಲಸದಿಂದ ಬಂದ ಹೆಸರು ಎಂದು ಅವಳ ವಾದ. ನಾಲಿಗೆಯಿಂದ ಬಂದದ್ದು ಎಂದು ಅವಳ ಗಂಡನ ವಾದ. ಗಂಡ ಗಡಿಯಾರ ರಿಪೇರಿಯವನು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹಾಗಾಗಿ ಜನ ಅವನನ್ನೇ ನಂಬುತ್ತಿದ್ದರು.

ಈ ಕತ್ತರಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಸಣ್ಣದೊಂದು ಕೀರ್ತಿ ಬಂದು ವಕ್ಕರಿಸಿತ್ತು. ಅದು ಬಂದ ದಾರಿ ಹೀಗೆ. ನೆಲಮಾಳಿಗೆಯ ದಿನಗಳಲ್ಲಿ ಅವಳೂ ಇನ್ನಿಬ್ಬರೂ ಸೇರಿ ಒಂದು ಬ್ಲಾಗು ಬರೆಯುತ್ತಿದ್ದರು. ಹೆಸರು ‘ಕೆಳಗಿನ ಮನೆ’. ಅದು ಇದ್ದ ತಾಣದವರು ಈಗ ಅಂಗಡಿ ಮುಚ್ಚುತ್ತೇವೆ, ತಿಂಗಳ ಕೊನೆಯೊಳಗೆ ನಿಮ್ಮ ನಿಮ್ಮ ಗಂಟುಮೂಟೆ ಕಟ್ಟಿಕೊಳ್ಳಿ ಎಂದು ಕಾಗದ ಕಳಿಸಿದರು. ಕತ್ತರಿ ಎರಡು ದಿನ ಕನ್ನಡಕ ಒರೆಸಿ ಒರೆಸಿ ಕೂತು, ಬೇರೊಂದು ತಾಣದಲ್ಲಿ ಖಾತೆ ತೆರೆದು, ‘ಆಮದು’ ಎಂಬುದನ್ನು ಒತ್ತಿದಳು. ನೂರಹದಿನಾಲ್ಕು ಬರಹಗಳು ಒಂದರ ಹಿಂದೆ ಒಂದು ಬಂದು ಸೇರಿದವು. ಖಾತೆ ಅವಳದು, ಆದ್ದರಿಂದ ಎಲ್ಲದರ ಮೇಲೂ ಅವಳ ಹೆಸರೇ ಕೂತಿತು. ಅದನ್ನು ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಳು. ಆಮೇಲೆ ಎನ್ನುವುದು ಎಲ್ಲರ ಮನೆಯಲ್ಲೂ ಇರುವಂತೆ ಅವಳ ಮನೆಯಲ್ಲೂ ಇತ್ತು.

ಅಷ್ಟರಲ್ಲಿ ಹೊಸ ತಾಣದ ಓದುಗರು ಅದರಲ್ಲೊಂದು ಬರಹವನ್ನು ಎತ್ತಿ ಮೆರೆಸತೊಡಗಿದರು. ಅದರ ಹೆಸರು ‘ಬಲಗಡೆಯ ಜೇಬು’. ಒಬ್ಬ ಅಪ್ಪನಿಗೆ ಇದ್ದದ್ದು ಒಂದೇ ಕೋಟು. ಹೊರಗಿನ ಬಣ್ಣ ಮಾಸಿ ಹೋದಾಗ ಅವನ ಹೆಂಡತಿ ಇಡೀ ಕೋಟನ್ನು ಬಿಚ್ಚಿ, ಬಟ್ಟೆಯನ್ನು ತಿರುವಿ, ಒಳಮೈ ಹೊರಗೆ ಬರುವಂತೆ ಮತ್ತೆ ಹೊಲಿದಳು. ಕೋಟು ಹೊಸದರಂತಾಯಿತು. ಆದರೆ ತಿರುವಿದ ಬಟ್ಟೆಯಲ್ಲಿ ಎಡ ಬಲಕ್ಕೆ ಬರುತ್ತದೆ. ಎಲ್ಲ ಗಂಡಸರಿಗೂ ಎದೆಯ ಎಡಕ್ಕೆ ಇರುವ ಜೇಬು ಆ ಅಪ್ಪನಿಗೆ ಬಲಕ್ಕೆ ಬಂತು. ಅವನು ಬೀದಿಯಲ್ಲಿ ನಡೆಯುವಾಗ ಬಲಗೈಯನ್ನು ಆ ಜೇಬಿನ ಮೇಲೆ ಇಟ್ಟುಕೊಂಡೇ ನಡೆಯುತ್ತಿದ್ದ. ಎದೆನೋವೇ ಎಂದು ದಾರಿಯಲ್ಲಿ ಸಿಕ್ಕವರು ಕೇಳಿದರೆ ಹೌದು ಎನ್ನುತ್ತಿದ್ದ. ಪಕ್ಕದಲ್ಲಿ ನಡೆಯುವ ಮಗಳಿಗೆ ಮಾತ್ರ ಸತ್ಯ ಗೊತ್ತಿತ್ತು. ಬರಹ ಇಷ್ಟೇ, ಒಂದೂವರೆ ಪುಟ.

ಅಪ್ಪ ಕತ್ತರಿಯ ಅಪ್ಪ. ಕೋಟು ಅವನದೇ. ಬರಹದ ಕೆಳಗೆ ಜನ ಬರೆದದ್ದನ್ನು ಅವಳು ಗಂಡನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. “ಕೇಳಿದ್ರಾ? ನನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕಂತೆ.”

“ಯಾರು ತೊಡಿಸ್ತಾರಂತೆ? ಅದನ್ನ ಬರೆದಿಲ್ವಾ?” ಎಂದು ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗಾಜು ತೆಗೆಯದೆಯೇ ಕೇಳುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಸಂಪಾದಕಿಯೊಬ್ಬಳ ಪತ್ರ ಬಂತು. ದುಡಿಯುವ ಜನ ಬ್ಲಾಗುಗಳಲ್ಲಿ ಬರೆದದ್ದನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಿದ್ದಾಳಂತೆ, ‘ಬಲಗಡೆಯ ಜೇಬು’ ಅದರ ಮೊದಲ ಬರಹವಾಗಬೇಕಂತೆ. ಕೊನೆಗೆ ಸಣ್ಣದೊಂದು ಕೋರಿಕೆ: ಬರಹ ಮೊದಲು ಎಲ್ಲಿ, ಯಾವತ್ತು ಬಂದಿತ್ತೆಂದು ಪುಸ್ತಕದಲ್ಲಿ ಹಾಕಬೇಕು. ನಿಮ್ಮ ತಾಣದ ಸೆಟ್ಟಿಂಗಿನಲ್ಲಿ ‘ಮೂಲ ತೋರಿಸು’ ಎಂಬುದು ಆಫ್ ಇದೆ, ದಯವಿಟ್ಟು ಆನ್ ಮಾಡಿ, ಆಮದಾದ ಪ್ರತಿ ಬರಹದ ಕೆಳಗೂ ಅದರ ಹಳೆಯ ಪುಟದ ಕೊಂಡಿ ತಾನೇ ಕಾಣಿಸುತ್ತದೆ.

ಕತ್ತರಿಯ ಕಾಲು ನೆಲದ ಮೇಲಿರಲಿಲ್ಲ. ಪುಸ್ತಕ! ಅಚ್ಚಿನಲ್ಲಿ ಹೆಸರು! ಅವಳು ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದ ಸೊಪ್ಪನ್ನು ಪಕ್ಕಕ್ಕೆ ತಳ್ಳಿ, ಕಂಪ್ಯೂಟರು ತೆರೆದು, ಹುಡುಕಿ ಹುಡುಕಿ ಆ ‘ಮೂಲ ತೋರಿಸು’ವನ್ನು ಆನ್ ಮಾಡಿದಳು. ಬರಹದ ಕೆಳಗೆ ಬೂದುಬಣ್ಣದ ಪುಟ್ಟ ಸಾಲೊಂದು ಮೂಡಿತು: ‘ಮೂಲ: ಕೆಳಗಿನ ಮನೆ’, ಜತೆಗೆ ಹದಿನಾಲ್ಕು ವರ್ಷ ಹಿಂದಿನ ತಾರೀಖು. ಸುಮ್ಮನೆ ಒತ್ತಿ ನೋಡಿದಳು. ಹಳೆಯ ಪುಟ ಮೇಲಿನಿಂದ ಕೆಳಕ್ಕೆ ನಿಧಾನಕ್ಕೆ ಬಿಚ್ಚಿಕೊಂಡಿತು. ಅದೇ ಹಳದಿ ಹಿನ್ನೆಲೆ, ಅದೇ ಅಂಕುಡೊಂಕು ತಲೆಬರಹ. ಅವಳ ಕಣ್ಣು ತುಂಬಿ ಬಂತು. ಕೊನೆಯ ಸಾಲು ಬಂತು. ಅದರ ಕೆಳಗೆ ಒಂದು ಚಿತ್ರ ಬಂತು.

ನಾಲ್ಕು ತೂತಿನ ಒಂದು ಗುಂಡಿ. ಅಂಗಿಯ ಗುಂಡಿ.

ಅವಳು ಪುಟವನ್ನು ಮುಚ್ಚಿ ಮತ್ತೆ ತೆರೆದಳು. ಗುಂಡಿ ಅಲ್ಲೇ ಇತ್ತು.

ಇದು ಅರ್ಥವಾಗಬೇಕಾದರೆ ಆ ನೆಲಮಾಳಿಗೆಗೆ ಒಮ್ಮೆ ಇಳಿದು ಬರಬೇಕು. ಹದಿನೇಳು ಮೆಟ್ಟಿಲು. ಕೆಳಗೆ ಕಿಟಕಿಯಿಲ್ಲದ ಉದ್ದನೆಯ ಕೋಣೆ, ಮೂರು ಮಿಷನ್ನು, ಒಂದು ಇಸ್ತ್ರಿ ಮೇಜು, ಬಿಸಿ ಬಟ್ಟೆಯ ಮತ್ತು ಮಿಷನ್ ಎಣ್ಣೆಯ ವಾಸನೆ. ಮೇಲಿನಿಂದ ಬರುವ ಪ್ರತಿ ಬಟ್ಟೆಗೂ ಒಂದು ಚೀಟಿ ಪಿನ್ನು ಮಾಡಿರುತ್ತಿತ್ತು: ‘ಉದ್ದ ಎರಡಿಂಚು ಕಮ್ಮಿ’, ‘ಸೊಂಟ ಅರ್ಧ ಇಂಚು ಬಿಡಿಸಿ’. ಅಲ್ಲಿದ್ದವರು ಮೂವರು. ಅಳತೆ ಹಾಕಿ ಕತ್ತರಿಸುವವಳು ಕತ್ತರಿ. ಗುಂಡಿ, ಕಾಜಾ, ಕೈಹೊಲಿಗೆಯವಳು ಗುಂಡಿ; ಅವಳ ಮುಖವೂ ಹಾಗೇ ದುಂಡಗೆ. ಮಿಷನ್ನಿನ ಮೇಲೆ ಕೂರುವವರು ರೀಲಣ್ಣ, ಮೂವರಲ್ಲಿ ಹಿರಿಯರು. ಅವರಿಗೆ ಆ ಹೆಸರು ದಾರದ ರೀಲಿನಿಂದ ಬಂತೋ ಅವರು ಬಿಡುತ್ತಿದ್ದ ರೀಲಿನಿಂದ ಬಂತೋ ಯಾರೂ ವಿಚಾರಣೆ ನಡೆಸಲಿಲ್ಲ.

ಚೀಟಿ ಮುದ್ರಿಸಲೆಂದು ಮೂಲೆಯಲ್ಲೊಂದು ಕಂಪ್ಯೂಟರು ಇತ್ತು. ಊಟದ ಹೊತ್ತಿನಲ್ಲಿ ಅದರಲ್ಲೇ ಬ್ಲಾಗು. ಟೈಪಿಂಗು ಬರುತ್ತಿದ್ದದ್ದು ಕತ್ತರಿಗೊಬ್ಬಳಿಗೆ. ಉಳಿದಿಬ್ಬರು ಹಳೆಯ ಚೀಟಿಗಳ ಬೆನ್ನಿನ ಮೇಲೆ ಬರೆದು ತರುತ್ತಿದ್ದರು, ಅವಳು ಕುಟ್ಟುತ್ತಿದ್ದಳು. ಮೇಲಿನ ಮೇಲ್ವಿಚಾರಕನಿಗೆ ಗೊತ್ತಾದರೆ ಕೆಲಸಕ್ಕೇ ಸಂಚಕಾರ, ಆದ್ದರಿಂದ ಯಾರ ಹೆಸರೂ ಇಲ್ಲ. ಬರೆದವರ ಗುರುತಿಗೆ ಕೊನೆಯಲ್ಲೊಂದು ಚಿತ್ರ: ಕತ್ತರಿ, ಗುಂಡಿ, ಇಲ್ಲವೇ ರೀಲು. ಆ ಚಿತ್ರಗಳೇ ಈಗ ಆಮದಿನಲ್ಲಿ ಉದುರಿಹೋಗಿದ್ದವು. ಅಕ್ಷರಗಳು ಬಂದಿದ್ದವು, ಗುರುತು ಹಿಂದೆಯೇ ಉಳಿದಿತ್ತು.

ಕತ್ತರಿ ಮೊದಲು ಕಂಪ್ಯೂಟರನ್ನು ದೂರಿದಳು. ಆಮೇಲೆ ತನ್ನನ್ನೇ ದೂರಿದಳು: ಅವಸರದಲ್ಲಿ ತಪ್ಪು ಚಿತ್ರ ಹಾಕಿರಬೇಕು ತಾನು. ಯಾಕೆಂದರೆ ಆ ಬರಹ ತನ್ನದು ಎನ್ನುವುದು ಅವಳ ಬೆರಳಿಗೇ ಗೊತ್ತಿತ್ತು. ಕಣ್ಣು ಮುಚ್ಚಿದರೆ ಒಂದೊಂದು ವಾಕ್ಯವೂ ಬೆರಳಿನ ತುದಿಗೆ ಬರುತ್ತಿತ್ತು. ಅಪ್ಪನನ್ನು ನೆನೆದರೆ ಸಾಕು, ಬಲಗೈಯನ್ನು ಎದೆಯ ಮೇಲಿಟ್ಟು ನಡೆಯುವ ಅಪ್ಪನೇ ಕಣ್ಣ ಮುಂದೆ. ಎಷ್ಟೋ ಸಲ ತಾನೂ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಡುತ್ತಿದ್ದಳು. ಇದು ಇನ್ನೊಬ್ಬರ ಬರಹ ಹೇಗಾದೀತು?

ಆದರೆ ನೆನಪಿಗೂ ಒಂದು ಹಟವಿದೆ. ಒಂದು ಚೀಟಿ ಅದರ ಪಾಡಿಗೆ ಅದು ಕಣ್ಣ ಮುಂದೆ ಬಂದು ಕೂತಿತು. ಬೆನ್ನ ಮೇಲೆ ಗುಂಡಿಯ ಉರುಟು ಅಕ್ಷರ, ಬಟ್ಟೆಗೆ ಗೀಟು ಹಾಕುವ ನೀಲಿ ಪೆನ್ಸಿಲಿನದು. ಒಂದಲ್ಲ, ನಾಲ್ಕು ಚೀಟಿ. ಒಂದು ಮಧ್ಯಾಹ್ನ ಯಾರೋ ಗಿರಾಕಿಯ ತಿರುವಿ ಹೊಲಿದ ಹಳೆಯ ಕೋಟು ಕೆಳಗೆ ಬಂದಿತ್ತು. ಅದನ್ನು ನೋಡಿ ಕತ್ತರಿ ಊಟ ಬಿಟ್ಟು ತನ್ನ ಅಪ್ಪನ ಕೋಟಿನ ಕತೆ ಹೇಳಿದ್ದಳು, ಹೇಳುತ್ತಾ ಅತ್ತಿದ್ದಳು. ಮರುದಿನ ಗುಂಡಿ ನಾಲ್ಕು ಚೀಟಿಗಳನ್ನು ಅವಳ ಮುಂದಿಟ್ಟು, “ಸರಿಯಿದೆಯಾ ನೋಡು” ಎಂದಿದ್ದಳು. ಕತ್ತರಿ ಒಂದಕ್ಷರವನ್ನೂ ತಿದ್ದದೆ ಟೈಪು ಮಾಡಿದ್ದಳು.

ಹೇಳಿದವಳು ತಾನು, ಬರೆದವಳು ಗುಂಡಿ. ಕುಟ್ಟಿದ ಬೆರಳು ಬರೆದದ್ದು ತಾನೇ ಎಂದುಕೊಂಡುಬಿಟ್ಟಿತ್ತು.

ಅದರ ಹಿಂದೆಯೇ ಇನ್ನೊಂದು ನೆನಪೂ ಎದ್ದು ಬಂತು, ಅದು ಬರುವುದು ಅವಳಿಗೆ ಬೇಡವಾಗಿತ್ತು. ನೆಲಮಾಳಿಗೆ ಮುಚ್ಚಿದ ದಿನ ಮೇಲಿನವರೆಲ್ಲ ಕೆಳಗಿಳಿದು ಚಹಾ ಕೊಟ್ಟಿದ್ದರು. ಯಾವ ಮೇಲ್ವಿಚಾರಕನಿಗೆ ಹೆದರಿ ಐದು ವರ್ಷ ಕಳ್ಳರಂತೆ ಬರೆದಿದ್ದರೋ ಅವನೇ ಲೋಟ ಹಿಡಿದು, “ನಾನೂ ಓದ್ತಿದ್ದೆ ಕಣ್ರೀ, ಮೊದಲಿಂದಾನೂ” ಎಂದಿದ್ದ. ಮೂವರ ಮುಖದಲ್ಲೂ ರಕ್ತವಿರಲಿಲ್ಲ. “ಆ ಬಲಗಡೆ ಜೇಬು ಬರೆದದ್ದು ಯಾರು?” ಎಂದು ಅವನು ಕೇಳಿದಾಗ ಕತ್ತರಿ ಶಾಲೆಯ ಹುಡುಗಿಯಂತೆ ಕೈ ಎತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಗುಂಡಿ ಅರ್ಧ ಕುಡಿದ ಲೋಟವನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹದಿನೇಳು ಮೆಟ್ಟಿಲು ಹತ್ತಿ ಹೋಗಿದ್ದಳು. ಆಮೇಲೆ ಫೋನಿಲ್ಲ, ಮಾತಿಲ್ಲ. ಹನ್ನೊಂದು ವರ್ಷ! ‘ಅವಳಿಗೆ ಹೊಟ್ಟೆಕಿಚ್ಚು’ ಎಂದು ಕತ್ತರಿ ಷರಾ ಬರೆದು ಮುಗಿಸಿದ್ದಳು. ಮೂರು ವರ್ಷದ ಹಿಂದೆ ರೀಲಣ್ಣ ತೀರಿಕೊಂಡಾಗಲೂ ಇಬ್ಬರೂ ಹೋಗಿದ್ದರು. ಒಬ್ಬಳು ಬಾಗಿಲಿನ ಈ ಕಡೆ, ಇನ್ನೊಬ್ಬಳು ಆ ಕಡೆ.

“ಏನಾಯ್ತೇ?” ಎಂದ ಗಂಡ.

“ಏನಿಲ್ಲ. ನೆಟ್ಟು ನಿಧಾನ.”

ಮಧ್ಯಾಹ್ನದವರೆಗೆ ಅವಳು ಸೊಪ್ಪು ಬಿಡಿಸಿದಳು. ಬೇಡದ ಕಡ್ಡಿ ಪಾತ್ರೆಗೆ, ಬೇಕಾದ ಎಲೆ ಕಸಕ್ಕೆ. ಅವಳ ತಲೆಯಲ್ಲಿ ನಡೆಯುತ್ತಿದ್ದ ಲೆಕ್ಕಾಚಾರ ಸುಲಭದ್ದಾಗಿತ್ತು. ಹಳೆಯ ತಾಣ ಮುಚ್ಚುವುದಕ್ಕೆ ಇನ್ನು ಒಂಬತ್ತು ದಿನ. ಆಮೇಲೆ ಆ ಗುಂಡಿಯ ಚಿತ್ರ ಜಗತ್ತಿನಲ್ಲಿ ಎಲ್ಲಿಯೂ ಇರುವುದಿಲ್ಲ. ಸಾಕ್ಷಿ ಹೇಳಲು ರೀಲಣ್ಣನಿಲ್ಲ. ‘ಮೂಲ ತೋರಿಸು’ವನ್ನು ಈಗ ಆಫ್ ಮಾಡಿ, ಹತ್ತನೆಯ ದಿನ ಸಂಪಾದಕಿಗೆ ಬರೆದರೆ ಮುಗಿಯಿತು. ಪುಸ್ತಕದ ಮೊದಲ ಪುಟದಲ್ಲಿ ತನ್ನ ಹೆಸರು. ಆಸೆ ಎಂದರೆ ಆಸೆಯೇ. ಅವಳಿಗೆ ಅದು ಬೇಕಿತ್ತು, ಬಾಯಲ್ಲಿ ನೀರೂರುವಷ್ಟು ಬೇಕಿತ್ತು. ಬರೀ ಹೆಸರಲ್ಲ, ಅಪ್ಪನನ್ನು ತಾನೇ ಬರೆದೆ ಎನ್ನುವುದು ಬೇಕಿತ್ತು.

ಊಟಕ್ಕೆ ಕೂತಾಗ ಸೊಪ್ಪಿನ ಕಡ್ಡಿ ಅಗಿದು ಅಗಿದು ಸೋತ ಗಂಡ, “ಈಗ ಹೇಳು” ಎಂದ. ಅವಳು ಎಲ್ಲ ಹೇಳಿದಳು.

ಅವನು ಕೈ ತೊಳೆದುಕೊಂಡು, ಬಿಚ್ಚಿಟ್ಟಿದ್ದ ಹಳೆಯ ಕೈಗಡಿಯಾರವೊಂದರ ಹಿಂದಿನ ಮುಚ್ಚಳ ತಂದು ಅವಳ ಮುಂದಿಟ್ಟ. ಒಳಮೈಯಲ್ಲಿ ಸೂಜಿಯಿಂದ ಗೀರಿದಂಥ ಸಣ್ಣ ಸಣ್ಣ ಗುರುತುಗಳಿದ್ದವು. “ಇದನ್ನ ನನಗಿಂತ ಮುಂಚೆ ಮೂರು ಜನ ಬಿಚ್ಚಿದ್ದಾರೆ. ಒಬ್ಬೊಬ್ರದೂ ಒಂದೊಂದು ಗುರುತು. ಗಿರಾಕಿ ಇದನ್ನ ಯಾವತ್ತೂ ನೋಡಲ್ಲ. ಆದ್ರೂ ಇನ್ನೊಬ್ಬನ ಗುರುತು ಉಜ್ಜಿ ಹಾಕಿದ ರಿಪೇರಿಯವನನ್ನ ನಾನು ಇದುವರೆಗೂ ಕಂಡಿಲ್ಲ.”

ಅಂದಿನ ಹತ್ತು ಮಾತುಗಳಲ್ಲಿ ಎಂಟು ಒಟ್ಟಿಗೇ ಖರ್ಚಾಗಿದ್ದವು. ಕತ್ತರಿ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನಿಮ್ಮ ಗುರುತು ಎಲ್ಲಿ?” ಎಂದಳು.

“ಇನ್ನೂ ಹಾಕಿಲ್ಲ. ಕೆಲಸ ಮುಗಿದಿಲ್ಲ.”

ಮರುದಿನ ಬೆಳಿಗ್ಗೆ ಅವಳು ಎರಡು ಬಸ್ಸು ಬದಲಿಸಿ ಗುಂಡಿಯ ಮನೆಗೆ ಹೋದಳು. ಮನೆ ಬದಲಾಗಿರಲಿಲ್ಲ, ಅದೇ ಕಿರುಬೀದಿ, ಅದೇ ಹಸಿರು ಬಾಗಿಲು, ಮೇಲಿನ ಅಂತಸ್ತಿನಿಂದ ಜೋತುಬಿದ್ದ ಒಗೆದ ಬಟ್ಟೆಗಳು. ಬಾಗಿಲು ತೆರೆದವಳ ಕತ್ತಿನಲ್ಲಿ ಟೇಪು ಇತ್ತು, ಕೂದಲು ಪೂರ್ತಿ ಬಿಳಿ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಕತ್ತರಿಗೆ ಬಸ್ಸಿನಲ್ಲೇ ಬಿಟ್ಟುಬಂದಂತಾಯಿತು.

ಗುಂಡಿಯ ಕಣ್ಣು ಅವಳ ರವಿಕೆಯ ತೋಳಿಗೆ ಹೋಯಿತು. “ಅಂಚು ಬಿಚ್ಚಿದೆ. ಹೀಗೇ ಬೀದಿಲಿ ಬಂದ್ಯಾ? ಬಾ ಒಳಗೆ, ಬೆಳಕಿಗೆ ನಿಂತ್ಕೋ.”

ಹೀಗೆ ಕತ್ತರಿ ತನ್ನ ಕ್ಷಮಾಪಣೆಯನ್ನು ಕಿಟಕಿಯ ಪಕ್ಕ, ಒಂದು ತೋಳು ಚಾಚಿಕೊಂಡು, ಸೂಜಿಯ ತುದಿಗೆ ಸಿಕ್ಕಿಬಿದ್ದ ಸ್ಥಿತಿಯಲ್ಲಿ ಹೇಳಬೇಕಾಯಿತು. ಆಮದು, ಉದುರಿದ ಚಿತ್ರಗಳು, ಸಂಪಾದಕಿ, ಹಳೆಯ ಪುಟ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. “ಅದು ನಿಂದು ಕಣೇ. ನಾನು ಎಲ್ಲರ ಮುಂದೆ ಕೈ ಎತ್ತಿಬಿಟ್ಟೆ. ಕಳ್ಳತನ ಅಂತ ಗೊತ್ತಿರಲಿಲ್ಲ ನಂಗೆ. ನಿಜವಾಗ್ಲೂ ಗೊತ್ತಿರಲಿಲ್ಲ.”

“ಅಲ್ಲಾಡಬೇಡ, ಚುಚ್ಚುತ್ತೆ.”

“ಯಾಕೆ ಆವತ್ತೇ ಹೇಳಲಿಲ್ಲ ನೀನು?”

ಗುಂಡಿ ಇನ್ನೆರಡು ಹೊಲಿಗೆ ಹಾಕಿದಳು. “ಕೋಪ ಬಂದಿತ್ತು. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ನನ್ನ ಜೀವಮಾನದಲ್ಲಿ ಜನ ಚಪ್ಪಾಳೆ ತಟ್ಟೋ ಅಂಥದ್ದು ಮಾಡಿದ್ದು ಅದೊಂದೇ. ಆದ್ರೆ ಕೈ ಎತ್ತಿದಾಗ ನಿನ್ನ ಕಣ್ಣು ತುಂಬಿತ್ತು. ಅಪ್ಪ ನಿನ್ನವರು. ಅವರನ್ನ ನಿನ್ನ ಕೈಯಿಂದ ಕಿತ್ಕೊಂಡು ‘ಇವರು ನನ್ನವರು’ ಅನ್ನೋಕಾಗುತ್ತಾ? ಎದ್ದು ಬಂದೆ. ನಾಳೆ ಫೋನ್ ಮಾಡ್ತಾಳೆ ಅಂದ್ಕೊಂಡೆ. ನೀನು ಮಾಡಲಿಲ್ಲ. ಆಮೇಲೆ ನಂಗೂ ಜಂಬ ಬಂತು.”

“ನಂಗೂ” ಎಂದಳು ಕತ್ತರಿ. ಅವಳು ಅಳುತ್ತಿದ್ದಳು, ಚಾಚಿದ ತೋಳನ್ನು ಹಾಗೇ ಬಿಟ್ಟು ಇನ್ನೊಂದು ಕೈಯಿಂದ ಒರೆಸಿಕೊಂಡಳು. “ಎಷ್ಟು ಚೆನ್ನಾಗಿ ಬರೆದಿದ್ದೀಯೇ ಮಾರಾಯ್ತಿ. ಅಪ್ಪ ಜೇಬಿನ ಮೇಲೆ ಕೈ ಇಟ್ಕೊಂಡು ನಡೀತಿದ್ದದ್ದು. ಅವರನ್ನ ನೆನೆಸ್ಕೊಂಡ್ರೆ ನಂಗೆ ಅದೊಂದೇ ಕಾಣೋದು.”

ಗುಂಡಿಯ ಸೂಜಿ ನಿಂತಿತು.

“ಕೈ?” ಎಂದಳು. “ನೀನು ಕೈ ವಿಷಯ ಹೇಳೇ ಇರಲಿಲ್ಲವಲ್ಲ.”

“ಹೇಳಿರಲಿಲ್ವಾ?”

“ಇಲ್ಲ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚೀಲ ಅಂದಿದ್ದೆ ನೀನು.” ಗುಂಡಿ ಸೂಜಿಯನ್ನು ಅಂಚಿಗೇ ಚುಚ್ಚಿಟ್ಟು ಕಿಟಕಿಯ ಹೊರಗೆ ನೋಡಿದಳು. “ಆ ಕೈ ನಮ್ಮಪ್ಪಂದು. ಅವರ ಅಂಗಿ ಎದೆ ಹತ್ರ ಹರಿದಿತ್ತು. ಅಮ್ಮ ಆಗಲೇ ಹೋಗಿದ್ರು, ಮನೇಲಿ ಹೊಲಿಯೋರು ಯಾರೂ ಇರಲಿಲ್ಲ. ಯಾರಾದ್ರೂ ಬಂದ್ರೆ ಹರಿದ ಜಾಗದ ಮೇಲೆ ಕೈ ಇಟ್ಕೊಂಡು ಮಾತಾಡೋರು. ನಾನು ಹೊಲಿಗೆ ಕಲಿತದ್ದೇ ಅದನ್ನ ನೋಡಲಾರದೆ. ನಿನ್ನ ಕತೆ ಬರೀತಾ ಕೂತಾಗ ಅವರ ಕೈ ತಾನಾಗೇ ನಿಮ್ಮಪ್ಪನ ಕೋಟಿನ ಮೇಲೆ ಹೋಗಿ ಕೂತ್ಕೊಳ್ತು. ಬೇಡ ಅನ್ನೋಕೆ ಮನಸ್ಸಾಗಲಿಲ್ಲ.”

ಕತ್ತರಿ ಅಲ್ಲಾಡದೆ ನಿಂತಳು. ಹದಿನಾಲ್ಕು ವರ್ಷ ಅವಳು ತನ್ನದೆಂದು ಕಾಪಾಡಿಕೊಂಡು ಬಂದ ನೆನಪು ಕಿಟಕಿಯ ಬೆಳಕಿನಲ್ಲಿ ಅವಳಿಂದ ಕಳಚಿಕೊಂಡಿತು. ತುಂಬಾ ನೋವಾಯಿತು. ಆದರೆ ಆ ಕೈ ಸರಿದ ಜಾಗದಲ್ಲಿ, ಎಷ್ಟೋ ಕಾಲದ ಮೇಲೆ, ಅವಳ ಸ್ವಂತ ಅಪ್ಪ ನಡೆದು ಬಂದ. ಬಲಗೈಯಲ್ಲಿ ಕಪ್ಪು ಛತ್ರಿ, ಎಡಗೈಯಲ್ಲಿ ಚೀಲ, ನಡುವೆ ತಿರುವಿ ಹೊಲಿದ ಕೋಟು. ಬಲಗಡೆಯ ಜೇಬು ಇಡೀ ಬೀದಿಗೆ ಕಾಣುತ್ತಿತ್ತು. ಅಪ್ಪ ಅದನ್ನು ಯಾವತ್ತೂ ಮುಚ್ಚಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ “ನಮ್ಮನೆಯವಳು ಹೊಲಿದದ್ದು” ಎನ್ನುತ್ತಿದ್ದ. ನಾಚಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದವಳು ತಾನು.

“ತೆಗೆದುಬಿಡ್ಲಾ ಆ ಕೈ ಸಾಲುಗಳನ್ನ?” ಎಂದು ಗುಂಡಿ ಮೆಲ್ಲಗೆ ಕೇಳಿದಳು. “ಅಚ್ಚಾಗೋಕೆ ಮುಂಚೆ?”

“ಮುಟ್ಟಿದ್ರೆ ನೋಡು” ಎಂದಳು ಕತ್ತರಿ. “ಅದನ್ನ ಇಟ್ಕೊಂಡೇ ಇಷ್ಟು ವರ್ಷ ಬದುಕಿದ್ದೀನಿ. ಇರಲಿ. ಯಾರದು ಅಂತ ಬರೆದರೆ ಸಾಕು.”

ಬಿಡುವಿದ್ದ ಕೈಯಿಂದ ಫೋನು ತೆಗೆದು, ಬರಹದ ಕೆಳಗಿನ ಬೂದುಬಣ್ಣದ ಸಾಲಿನ ಪಕ್ಕದಲ್ಲಿದ್ದ ‘ತಿದ್ದು’ ಎಂಬುದನ್ನು ಒತ್ತಿದಳು. ಅಲ್ಲೊಂದು ಖಾಲಿ ಜಾಗ ತೆರೆದುಕೊಂಡಿತು. ಒಂದೇ ಬೆರಳಿನಲ್ಲಿ, ತಡೆದು ತಡೆದು ಟೈಪು ಮಾಡಿದಳು. ಗುಂಡಿ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದು, ಕನ್ನಡಕ ಏರಿಸಿ, ಅವಳ ಭುಜದ ಮೇಲಿಂದ ಓದಿದಳು:

‘ಬರೆದದ್ದು: ಗುಂಡಿ. ಕೋಟು: ಕತ್ತರಿಯ ಅಪ್ಪನದು. ಕೈ: ಗುಂಡಿಯ ಅಪ್ಪನದು.’